ಆಸ್ಪತ್ರೆ ಸೇರುವ ಮುಂಚಿನ ಆ ಹೊತ್ತು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮೆಕ್ಕೆಜೋಳ ಮುರಿಯುವಾಗ ನಮ್ಮ ಹೊಲದಲ್ಲಿ ಕೆಲಸದವರೊಬ್ಬರಿಗೆ ಹಾವು ಕಚ್ಚಿತು. ಮೊಣಕಾಲಿನ ಕೆಳಗೆ ಟವೆಲ್ ಬಿಗಿದು, ಬ್ಲೇಡಿನಿಂದ ಗಾಯ ಕುಯ್ದು ರಕ್ತ ಹಿಂಡಿದರು. ಆಸ್ಪತ್ರೆಯಲ್ಲಿ ಡಾಕ್ಟರು ಇದನ್ನೆಲ್ಲ ಯಾಕೆ ಮಾಡಿದಿರಿ ಎಂದು ಗದರಿದರು. ಹಾಗಾದರೆ ಏನು ಮಾಡಬೇಕಿತ್ತು? (ಹಾವೇರಿ ಜಿಲ್ಲೆಯ ರೈತರು)

ಕಚ್ಚಿಸಿಕೊಂಡ ಕಾಲನ್ನು ಅಲ್ಲಾಡದಂತೆ ಇಟ್ಟು, ಪ್ರತಿವಿಷ ಇರುವ ಆಸ್ಪತ್ರೆಗೆ ಆದಷ್ಟು ಬೇಗ ಮುಟ್ಟಿಸಬೇಕಿತ್ತು. ಹೊಲದಲ್ಲಿ ಮಾಡಬಹುದಾದ ಚಿಕಿತ್ಸೆ ಇಷ್ಟೇ. ಉಳಿದದ್ದೆಲ್ಲ ಹೊತ್ತು ಕಳೆಯುತ್ತದೆ, ಕೆಲವು ಸಲ ಕಾಲನ್ನೇ ಕಳೆಯುತ್ತದೆ.

ವಿಷ ಮೈಗೆ ಹರಡುವುದು ಮುಖ್ಯವಾಗಿ ಚರ್ಮದಡಿಯ ದುಗ್ಧನಾಳಗಳ (ರಕ್ತನಾಳಗಳಲ್ಲ, ಮೈಯ ತಿಳಿದ್ರವ ಹರಿಯುವ ಸಣ್ಣ ಕೊಳವೆಗಳು) ಮೂಲಕ. ಆ ನಾಳಗಳಲ್ಲಿ ದ್ರವವನ್ನು ಮುಂದಕ್ಕೆ ತಳ್ಳುವುದು ಸ್ನಾಯುಗಳ ಚಲನೆ. ಆದ್ದರಿಂದ ನಡೆಸಿದರೆ, ಓಡಿಸಿದರೆ ವಿಷ ಬೇಗ ಏರುತ್ತದೆ. ಬಿಗಿಯಾಗಿ ಕಟ್ಟಿದರೆ ಕಟ್ಟಿನ ಕೆಳಗಿನ ಭಾಗಕ್ಕೆ ರಕ್ತ ಹೋಗುವುದಿಲ್ಲ. ಕೊಳಕುಮಂಡಲದಂತಹ ಹಾವಿನ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುವಂಥದ್ದು. ಅದನ್ನು ಒಂದೇ ಕಡೆ ಹಿಡಿದಿಟ್ಟರೆ ಹಾನಿ ಇನ್ನೂ ಹೆಚ್ಚು. ಅದೇ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಕೆಡಿಸುತ್ತದೆ, ಹಾಗಾಗಿ ಬ್ಲೇಡಿನಿಂದ ಕುಯ್ದ ಗಾಯದಿಂದ ರಕ್ತ ಸುರಿಯುತ್ತಲೇ ಇರುತ್ತದೆ. ಬಾಯಿಂದ ಹೀರಿದರೆ ಲೆಕ್ಕಕ್ಕೆ ಬರುವಷ್ಟು ವಿಷ ಹೊರಬರುವುದಿಲ್ಲ. ಐಸ್, ಸುಣ್ಣ, ಸೊಪ್ಪಿನ ರಸ, ಪೊಟ್ಯಾಸಿಯಂ ಪರ್ಮಾಂಗನೇಟ್ ಇವೂ ಬೇಡ.

ಕ್ರಮ ಹೀಗಿರಲಿ. ಹಾವಿನಿಂದ ದೂರ ಸರಿಸಿ ಮಲಗಿಸಿ. ಕಾಲುಂಗುರ, ಗೆಜ್ಜೆ, ಬಳೆ, ಉಂಗುರ, ಬೂಟು, ಉಡಿದಾರ ಏನಿದ್ದರೂ ಕೂಡಲೇ ತೆಗೆಯಿರಿ. ಬಾವು ಏರಿದ ಮೇಲೆ ಅವು ಬರುವುದಿಲ್ಲ, ರಕ್ತ ಸಂಚಾರ ನಿಲ್ಲಿಸುತ್ತವೆ. ಮೂಳೆ ಮುರಿದಾಗ ಮಾಡುವಂತೆ ಕಾಲಿಗೆ ಎರಡು ಕೋಲು ಅಥವಾ ಮಡಿಸಿದ ರಟ್ಟು ಇಟ್ಟು ಬಟ್ಟೆಯಿಂದ ಸಡಿಲವಾಗಿ ಸುತ್ತಿ, ಅಡಿಯಲ್ಲಿ ಒಂದು ಬೆರಳು ಸಲೀಸಾಗಿ ತೂರುವಂತಿರಲಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಹೊರಳಿಸಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುತ್ತದೆಂದರೆ ಸಿಕ್ಕಿದ ಗಾಡಿಯಲ್ಲಿ ಹೊರಡಿ. ಬೈಕ್ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ರೋಗಿಯನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಂಡು ಕೂರಲಿ. ಇನ್ನೊಬ್ಬರು ಮುಂಚಿತವಾಗಿಯೇ ಆಸ್ಪತ್ರೆಗೆ ಫೋನ್ ಮಾಡಿ ‘ಪ್ರತಿವಿಷ ಇದೆಯೇ’ ಎಂದು ಕೇಳಲಿ. ಇಲ್ಲದ ಕಡೆ ಹೋಗಿ ಅಲ್ಲಿಂದ ಮತ್ತೊಂದು ಕಡೆಗೆ ಓಡುವುದರಲ್ಲಿ ಕಳೆಯುವ ಗಂಟೆಯೇ ಎಷ್ಟೋ ಜನರ ಜೀವಕ್ಕೆ ಎರವಾಗಿದೆ.

ಯಾರೋ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ತಟಕ್ಕನೆ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ಮೈಗೆ ನುಗ್ಗಬಹುದು. ಪ್ರತಿವಿಷ, ಉಸಿರಾಟದ ನೆರವು ಸಿದ್ಧವಿರುವ ಆಸ್ಪತ್ರೆಯಲ್ಲಿ ಡಾಕ್ಟರೇ ಬಿಚ್ಚಲಿ.

ಹಾವನ್ನು ಹೊಡೆದು ಚೀಲದಲ್ಲಿ ತರಬೇಕಿಲ್ಲ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ದೂರದಿಂದ ಮೊಬೈಲಿನಲ್ಲಿ ಫೋಟೊ ಸಿಕ್ಕರೆ ಒಳ್ಳೆಯದು, ಅದಕ್ಕಾಗಿ ಹುಡುಕುತ್ತ ನಿಲ್ಲಬೇಡಿ. ಮಲೆನಾಡಿನ ಕಾಫಿ, ಅಡಿಕೆ ತೋಟದವರಿಗೆ ಮಾತ್ರ ಒಂದು ಮಾತು: ಅಲ್ಲಿನ ಗೂನುಮೂಗಿನ ಕುಳಿಮಂಡಲದ ವಿಷ ಈ ಔಷಧಿಗೆ ಬಗ್ಗುವುದಿಲ್ಲ. ಅಲ್ಲಿ ಫೋಟೊ ಇದ್ದರೆ ಡಾಕ್ಟರಿಗೆ ನಿಜಕ್ಕೂ ಉಪಯೋಗ.

ಕಟ್ಟುಹಾವಿನ ವಿಷಯ ಬೇರೆಯಾಗಿಯೇ ಹೇಳಬೇಕು. ಅದು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ. ಆಮೇಲೆ ರೆಪ್ಪೆ ಬೀಳತೊಡಗುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ನೆಲದಲ್ಲಿ ಮಲಗಿದ್ದವರು ಹೊಟ್ಟೆನೋವಿನ ಜೊತೆ ರೆಪ್ಪೆ ಎತ್ತಲಾಗದೆ ಎದ್ದರೆ ಹಾವು ಕಂಡಿಲ್ಲವೆಂದು ಕಾಯಬೇಡಿ. ಮೈ ಪೂರ್ತಿ ಸ್ತಬ್ಧವಾದವರೂ ಒಳಗೆ ಎಚ್ಚರವಿರಬಹುದು. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಆಸ್ಪತ್ರೆಗೆ ಒಯ್ದರೆ ಅವರು ಪೂರ್ತಿ ಚೇತರಿಸಿಕೊಳ್ಳಬಲ್ಲರು. ಹಳ್ಳಿಯಲ್ಲಿ ‘ಮುಗಿಯಿತು’ ಎಂದು ಕೈಬಿಡುವ ಗಳಿಗೆ ಇದೇ, ದಯವಿಟ್ಟು ಬಿಡಬೇಡಿ.

ಆಸ್ಪತ್ರೆಯಲ್ಲಿ 2 ಮಿಲಿ ಲೀಟರ್ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದರ್ಥ. ವಿಷದ ಲಕ್ಷಣ ಇದ್ದರೆ ಸಾಮಾನ್ಯವಾಗಿ 10 ವಯಲ್ (ಔಷಧಿಯ ಸಣ್ಣ ಶೀಶೆ) ಪ್ರತಿವಿಷದಿಂದ ಶುರು, ಮಕ್ಕಳಿಗೂ ಅಷ್ಟೇ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಟ್ಟಿರುವುದಿಲ್ಲ. ಲಕ್ಷಣ ಕಾಣದಿದ್ದರೂ 24 ಗಂಟೆ ಅಲ್ಲೇ ಇರಿ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ, ಶುಗರ್ ಇದೆ. ಆಗಾಗ ಎದೆ ಹಿಡಿದಂತಾಗುತ್ತದೆ, ‘ಗ್ಯಾಸ್ಟ್ರಿಕ್ ಕಣಮ್ಮ’ ಎಂದು ಸೋಡಾ ಕುಡಿದು ಮಲಗುತ್ತಾರೆ. ಹೃದಯಾಘಾತ ಎಂದು ಗೊತ್ತಾಗುವುದು ಹೇಗೆ? ಜೋರಾಗಿ ಕೆಮ್ಮಿದರೆ ಹೃದಯ ನಿಲ್ಲುವುದಿಲ್ಲ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು, ನಿಜವೇ? (ಮೈಸೂರಿನ ಓದುಗರು)

ನಿಜವಲ್ಲ. ಕೆಮ್ಮುತ್ತ ಕೂತರೆ ಆಸ್ಪತ್ರೆಗೆ ಹೊರಡುವುದು ತಡವಾಗುತ್ತದೆ, ಅಷ್ಟೇ. ಲಕ್ವ ಹೊಡೆದವರ ಬೆರಳ ತುದಿಗೆ ಸೂಜಿ ಚುಚ್ಚಿ ಎನ್ನುವ ಸಂದೇಶವೂ ಇದೇ ಜಾತಿಯದು.

ಮೊದಲು ಒಂದು ಮಾತು: ಆಗಾಗ ಎದೆ ಹಿಡಿದಂತಾಗುತ್ತಿದೆ ಎಂದಿದ್ದೀರಿ. ಮುಂದಿನ ಸಲಕ್ಕೆ ಕಾಯದೆ ಈ ವಾರವೇ ಅವರಿಗೆ ಇಸಿಜಿ ಮಾಡಿಸಿ. ಶುಗರ್ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಹೃದಯಾಘಾತ ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಬೀಳಿಸದೆಯೂ ಇರಬಹುದು. ಹೊಟ್ಟೆ ಮೇಲ್ಭಾಗದ ಉರಿ, ವಾಕರಿಕೆ, ವಿಪರೀತ ಸುಸ್ತು, ಕಾರಣವಿಲ್ಲದ ಬೆವರು ಇಷ್ಟೇ ಇರಬಹುದು. ಎದೆಯ ನಡುವೆ ಹಿಂಡಿದಂತೆ ಅಥವಾ ಭಾರ ಹೇರಿದಂತೆ ಆಗಿ, ಎಡಗೈ, ದವಡೆ, ಬೆನ್ನಿನತ್ತ ಹರಿದು, ತಣ್ಣನೆಯ ಬೆವರು ಬಂದರೆ ಗ್ಯಾಸ್ಟ್ರಿಕ್ಕೋ ಅಲ್ಲವೋ ಎಂದು ಮನೆಯಲ್ಲಿ ತೀರ್ಮಾನಿಸಬೇಡಿ. ಆ ತೀರ್ಮಾನ ಇಸಿಜಿಯ ಕೆಲಸ.

ಅವರನ್ನು ಬೆನ್ನಿಗೆ ದಿಂಬು ಕೊಟ್ಟು ಅರ್ಧ ಒರಗಿಸಿ ಕೂರಿಸಿ, ಮೆಟ್ಟಿಲು ಇಳಿಸಿ ನಡೆಸಬೇಡಿ, ಬೈಕಿನಲ್ಲಿ ಒಯ್ಯಬೇಡಿ. ಆಸ್ಪಿರಿನ್ 300 ಅಥವಾ 325 ಮಿಲಿಗ್ರಾಂ ಅಗಿದು ನುಂಗಲಿ. ಮನೆಯಲ್ಲಿ 75ರ ಮಾತ್ರೆ ಇದ್ದರೆ ನಾಲ್ಕು. ಇಡಿಯಾಗಿ ನುಂಗಿದರೆ ಕೆಲಸ ಶುರುವಾಗುವುದು ತಡ. ಆಸ್ಪಿರಿನ್ ಅಲರ್ಜಿ ಇದ್ದರೆ, ಹೊಟ್ಟೆಯಲ್ಲಿ ರಕ್ತಸ್ರಾವದ ಹುಣ್ಣಿದ್ದರೆ, ಬಾಯಿ ವಾರೆಯಾಗಿ ಕೈ ಸ್ವಾಧೀನ ತಪ್ಪುವಂಥ ಲಕ್ವದ ಲಕ್ಷಣವಿದ್ದರೆ ಕೊಡಬಾರದು. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಅವರಿಗೇ ಡಾಕ್ಟರು ಬರೆದುಕೊಟ್ಟಿದ್ದರೆ ಮಾತ್ರ. ಬಿಪಿ ತೀರಾ ಇಳಿದವರಿಗೆ ಪಕ್ಕದ ಮನೆಯಿಂದ ತಂದು ಇಡುವ ಆ ಮಾತ್ರೆಯೇ ಅಪಾಯ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ದೂರದ ದೊಡ್ಡ ಊರಿಗೇ ಹೋಗಬೇಕೆಂದು ಹತ್ತಿರದ ಇಂಥ ಆಸ್ಪತ್ರೆಯನ್ನು ದಾಟಿಕೊಂಡು ಹೋಗಬೇಡಿ.

ಕರೆದರೆ ಮಾತಿಲ್ಲ, ಭುಜ ತಟ್ಟಿದರೆ ಅಲುಗಾಟವಿಲ್ಲ, ಉಸಿರಿಲ್ಲ ಎಂದಾದರೆ ಹೃದಯ ನಿಂತಿದೆ. ಅಪರೂಪಕ್ಕೊಮ್ಮೆ ಗೊರಕೆಯಂತೆ ಗಾಳಿ ಎಳೆದುಕೊಳ್ಳುತ್ತಿದ್ದರೆ ಅದನ್ನು ಉಸಿರಾಟವೆಂದು ತಿಳಿಯಬೇಡಿ. ಎಷ್ಟೋ ಜನ ಇಲ್ಲಿಯೇ ಮೋಸ ಹೋಗುತ್ತಾರೆ. ಮಂಚದಿಂದ ಗಟ್ಟಿ ನೆಲಕ್ಕೆ ಇಳಿಸಿ, ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆಯಷ್ಟೇ ತಗ್ಗುತ್ತದೆ. ಫೋನನ್ನು ಸ್ಪೀಕರಿಗೆ ಹಾಕಿ 108ಕ್ಕೆ ಕರೆ ಮಾಡಿ. ಎದೆಮೂಳೆಯ ಕೆಳಗಿನ ಅರ್ಧಭಾಗದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ, ಮೈಭಾರ ಬಿಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ, ಹೃದಯಕ್ಕೆ ರಕ್ತ ತುಂಬುವುದು ಆಗಲೇ. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ, ಸುಸ್ತಾದ ಕೈ ತಿಳಿಯದಂತೆ ಮೇಲೆ ಮೇಲೆ ಒತ್ತತೊಡಗುತ್ತದೆ. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬೇಡಿ, ಅದು ಕೂಡುತ್ತದೆ. ತರಬೇತಿ ಆಗಿದ್ದರೆ 30 ಒತ್ತಡಕ್ಕೆ 2 ಉಸಿರು, ಇಲ್ಲದಿದ್ದರೆ ಒತ್ತುವುದೊಂದೇ ಸಾಕು. ಕೆರೆ ಬಾವಿಯಿಂದ ಎತ್ತಿದವರಿಗೆ ಮಾತ್ರ ಮೊದಲು ಬಾಯಿಯಿಂದ ಉಸಿರು ಕೊಟ್ಟು ಆಮೇಲೆ ಒತ್ತಬೇಕು, ಏಕೆಂದರೆ ಅಲ್ಲಿ ಹೃದಯ ನಿಂತಿರುವುದು ಗಾಳಿ ಇಲ್ಲದೆ. ಹೊಟ್ಟೆ ಅಮುಕಿ ನೀರು ತೆಗೆಯುವುದು, ತಲೆಕೆಳಗಾಗಿ ಹೊತ್ತು ತಿರುಗಿಸುವುದು ವ್ಯರ್ಥ ಕೆಲಸ.

ಪ್ರಶ್ನೆ: ನಮ್ಮ ಮೊಮ್ಮಗುವಿಗೆ 10 ತಿಂಗಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಕಾಲು ಹಿಡಿದು ತಲೆಕೆಳಗೆ ಮಾಡಿ ಬಡಿಯಬೇಕೇ? (ಧಾರವಾಡದ ಅಜ್ಜಿ)

ಹಾಗೆ ಮಾಡಬೇಡಿ ಅಜ್ಜಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಹೋಗುತ್ತಿದೆ ಎಂದರ್ಥ. ಕೆಮ್ಮಲು ಬಿಡಿ, ಬೆನ್ನನ್ನೂ ತಟ್ಟಬೇಡಿ. ಕೆಮ್ಮಿನ ಸದ್ದು ಅಡಗಿ, ಅಳಲಾಗದೆ, ತುಟಿ ನೀಲಿಯಾದರೆ ಕುರ್ಚಿಯಲ್ಲಿ ಕೂತು ಮಗುವನ್ನು ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ಮುಂಗೈ ನಿಮ್ಮ ತೊಡೆಯ ಮೇಲಿರಲಿ. ತಲೆ ಎದೆಗಿಂತ ತಗ್ಗಿನಲ್ಲಿ, ದವಡೆ ನಿಮ್ಮ ಬೆರಳುಗಳಲ್ಲಿ ಇರಬೇಕು. ಇನ್ನೊಂದು ಅಂಗೈಯ ಬುಡದಿಂದ ಹೆಗಲೆಲುಬುಗಳ ನಡುವೆ 5 ಪೆಟ್ಟು. ಬರಲಿಲ್ಲವೆಂದರೆ ಅಂಗಾತ ತಿರುಗಿಸಿ, ಎರಡು ಮೊಲೆತೊಟ್ಟುಗಳ ನಡುವಿನ ಗೆರೆಗೆ ಸ್ವಲ್ಪ ಕೆಳಗೆ ಎರಡು ಬೆರಳಿಟ್ಟು 5 ಸಲ ಒತ್ತಿ. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಗು ಸ್ಪಂದಿಸದಂತಾದರೆ ನೆಲಕ್ಕೆ ಮಲಗಿಸಿ ಎದೆ ಒತ್ತುವುದಕ್ಕೆ ಇಳಿಯಿರಿ.

ಕಣ್ಣಿಗೆ ಕಾಣದ್ದನ್ನು ತೆಗೆಯಲು ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಆಳಕ್ಕೆ ಹೋಗುತ್ತದೆ. ವರ್ಷ ತುಂಬಿದ ಮಕ್ಕಳಿಗೆ, ದೊಡ್ಡವರಿಗೆ ಎದೆಯ ಬದಲು ಹೊಟ್ಟೆ: ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಜಗ್ಗಿ. ಬಸುರಿಯರಿಗೆ ಹೊಟ್ಟೆ ಒತ್ತದೆ ಎದೆಮೂಳೆಯ ಮೇಲೆ ಒತ್ತಿ. ಹೊಟ್ಟೆ ಒತ್ತಿಸಿಕೊಂಡವರು ಸರಿಹೋದರೂ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ.

ಶೇಂಗಾ ಬೀಜ, ಹುಣಸೆ ಬೀಜ, ಸೀತಾಫಲದ ಬೀಜ ಎಟುಕದ ಕಡೆ ಇರಲಿ. ಎಲ್ಲಕ್ಕಿಂತ ಭಯ ನನಗೆ ಆಟಿಕೆ, ರಿಮೋಟುಗಳ ಗುಂಡಿಯಂಥ ಸೆಲ್ಲಿನದು. ಅನ್ನನಾಳದಲ್ಲಿ ಸಿಕ್ಕಿದರೆ ಎರಡು ಗಂಟೆಯೊಳಗೇ ಸುಡಬಲ್ಲದು. ನುಂಗಿದ ಅನುಮಾನವಿದ್ದರೂ ಸಾಕು, ಬಾಳೆಹಣ್ಣು ತಿನ್ನಿಸಿ ಮರುದಿನದವರೆಗೆ ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬಿಸಿ ಎಣ್ಣೆ, ಸಾರು ಚೆಲ್ಲಿದಾಗ ಟೂತ್‌ಪೇಸ್ಟ್ ಹಚ್ಚುತ್ತೇವೆ. ಸರಿಯೇ? (ತುಮಕೂರು)

ಬೇಡ. ಇಂಕು, ಅರಿಶಿನ, ಕೋಳಿಮೊಟ್ಟೆ, ಐಸ್ ಯಾವುದೂ ಬೇಡ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಗಡಿಯಾರ ನೋಡಿ, ಏಕೆಂದರೆ ಹೆಚ್ಚಿನವರು 2 ನಿಮಿಷಕ್ಕೇ ಕೈ ತೆಗೆಯುತ್ತಾರೆ. ಬೆಂಕಿಯಿಂದ ದೂರವಾದರೂ ಚರ್ಮದೊಳಗಿನ ಬಿಸಿ ಸುಡುತ್ತಲೇ ಇರುತ್ತದೆ, ಅದನ್ನು ನಿಲ್ಲಿಸುವುದು ನೀರೇ. ಸುಟ್ಟು ಸ್ವಲ್ಪ ಹೊತ್ತಾಗಿದ್ದರೂ, 3 ಗಂಟೆಯೊಳಗೆ ಮಾಡಿದರೆ ಪ್ರಯೋಜನವಿದೆ. ನಲ್ಲಿ ಇಲ್ಲದ ಕಡೆ ಚೊಂಬಿನಿಂದ ಹೊಯ್ಯುತ್ತಿರಿ. ಬಳೆ, ಉಂಗುರ ತೆಗೆಯಿರಿ. ಮೈಗೆ ಅಂಟಿದ ಸಿಂಥೆಟಿಕ್ ಸೀರೆಯನ್ನು ಕೀಳಬೇಡಿ, ಸುತ್ತಲಿನದನ್ನು ಕತ್ತರಿಸಿ. ಗುಳ್ಳೆ ಒಡೆಯಬೇಡಿ. ಒಗೆದ ಹತ್ತಿ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಚಿಕ್ಕ ಮಕ್ಕಳಿಗೆ ಸುಟ್ಟ ಜಾಗಕ್ಕಷ್ಟೇ ನೀರು, ಉಳಿದ ಮೈ ಬೆಚ್ಚಗಿರಲಿ. ಮುಖ, ಅಂಗೈ, ಗುಪ್ತಾಂಗ ಸುಟ್ಟಿದ್ದರೆ, ಕರೆಂಟಿನಿಂದ ಸುಟ್ಟಿದ್ದರೆ, ಗಾಯ ಆ ವ್ಯಕ್ತಿಯ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಪ್ರಶ್ನೆ: ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡಬೇಕೇ? (ಕಲಬುರಗಿ)

ಕೊಡಬೇಕಿಲ್ಲ, ಈರುಳ್ಳಿ, ಚಪ್ಪಲಿ ಮೂಸಿಸುವುದೂ ಬೇಡ. ಅವು ಫಿಟ್ಸ್ ನಿಲ್ಲಿಸುವುದಿಲ್ಲ. ಹೆಚ್ಚಿನವು ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ, ಯಶಸ್ಸು ಮಾತ್ರ ಬೀಗದ ಕೈಗೆ ಸಲ್ಲುತ್ತದೆ. ಕೈಕಾಲು ಅದುಮಿ ಹಿಡಿಯಬೇಡಿ, ಹಲ್ಲಿನ ನಡುವೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ. ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ಒಲೆ, ಕಲ್ಲು ದೂರ ಸರಿಸಿ, ಸಮಯ ನೋಡಿ. ಅಲುಗಾಟ ಕಡಿಮೆಯಾದ ಕೂಡಲೇ ಮಗ್ಗುಲಿಗೆ ಹೊರಳಿಸಿ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ಬಸುರಿಯಾಗಿದ್ದರೆ, ಇದೇ ಮೊದಲ ಸಲವಾಗಿದ್ದರೆ 108.

ಪ್ರಶ್ನೆ: ರಸ್ತೆ ಅಪಘಾತದಲ್ಲಿ ರಕ್ತ ಸುರಿಯುತ್ತಿದ್ದರೆ ಏನು ಮಾಡಬೇಕು? ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸಿಗೆ ಅಲೆಯಬೇಕಾಗುತ್ತದೆಯೇ? (ಚಿತ್ರದುರ್ಗ)

ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆಯೇ ಗಟ್ಟಿಯಾಗಿ 10 ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಿದರೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಡಿ. ಕೈ ಅಥವಾ ಕಾಲಿನಿಂದ ಚಿಮ್ಮುವ ರಕ್ತ ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯದ ಮೇಲ್ಗಡೆ ನಾಲ್ಕು ಬೆರಳಗಲ ಬಿಟ್ಟು ಅಗಲವಾದ ಬಟ್ಟೆಯಿಂದ ಬಿಗಿದು, ಕಟ್ಟಿದ ಹೊತ್ತನ್ನು ಅವರ ಕೈಮೇಲೆ ಪೆನ್ನಿನಿಂದ ಬರೆಯಿರಿ. ಕತ್ತು, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಎಬ್ಬಿಸಿ ಕೂರಿಸಬೇಡಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ತೆಗೆಯಬೇಡಿ. ನೀರು ಕುಡಿಸಬೇಡಿ, ಆಪರೇಷನ್ ಬೇಕಾಗಬಹುದು.

ಪೊಲೀಸರ ವಿಷಯ: 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಸಹಾಯದಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ನಿಮ್ಮ ಮೇಲೆ ಕೇಸು ಹಾಕುವಂತಿಲ್ಲ, ಹೆಸರು, ಫೋನ್ ನಂಬರ್ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಗಾಯಾಳುವಿನ ಚಿಕಿತ್ಸೆಯ ಹಣವನ್ನು ನಿಮ್ಮಿಂದ ಕೇಳುವಂತೆಯೂ ಇಲ್ಲ. ಸೇರಿಸಿ, ಎಲ್ಲಿ ಯಾವಾಗ ಸಿಕ್ಕರು, ಏನು ಮಾಡಿದಿರಿ ಎಂದು ಡಾಕ್ಟರಿಗೆ ಹೇಳಿ, ನೀವು ಹೊರಡಬಹುದು.