ಪೋರ್ಚುಗೀಸ್ ವಾಟರ್ ಡಾಗ್ ತಳಿಯ ನಾಯಿಯನ್ನು ಮನೆಯಲ್ಲಿ ಸಾಕಬಹುದೇ? ಅದರ ಸ್ವಭಾವ ಹೇಗೆ?

ಖಂಡಿತ ಸಾಕಬಹುದು. ಆದರೆ ಕೂದಲು ಉದುರಿಸುವುದಿಲ್ಲ, ಬಹಳ ಜಾಣ ಎಂಬ ಎರಡೇ ಕಾರಣಕ್ಕೆ ಮರಿ ತರುವುದಾದರೆ ಸ್ವಲ್ಪ ತಡೆಯಿರಿ. ನಮ್ಮ ಮನೆಯಲ್ಲಿ ಈ ತಳಿಯ ಹೆಣ್ಣು ನಾಯಿ ಇದೆ. ಅದರ ಮೇಲಿನ ಪ್ರೀತಿಯಿಂದಲೇ ಇಷ್ಟು ಹೇಳುತ್ತಿದ್ದೇನೆ.

ಇದರ ಹಿನ್ನೆಲೆ ತಿಳಿದರೆ ಅರ್ಧ ಸ್ವಭಾವ ತಿಳಿದಂತೆ. ಪೋರ್ಚುಗಲ್ ಕರಾವಳಿಯ, ಅದರಲ್ಲೂ ದಕ್ಷಿಣದ ಅಲ್ಗಾರ್ವ್ ಪ್ರಾಂತ್ಯದ ಮೀನುಗಾರರ ಜೊತೆ ದೋಣಿಯಲ್ಲೇ ದುಡಿಯುತ್ತಿದ್ದ ನಾಯಿ ಇದು. ಮೀನನ್ನು ಬಲೆಯತ್ತ ಅಟ್ಟುವುದು, ನೀರಿಗೆ ಬಿದ್ದ ಸಾಮಾನನ್ನು ಎತ್ತಿ ತರುವುದು, ಒಂದು ದೋಣಿಯಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವುದು ಅದರ ಕೆಲಸ. ಮೀನುಗಾರಿಕೆಯ ರೀತಿ ಬದಲಾದಾಗ ನಾಯಿಗೆ ಕೆಲಸವಿಲ್ಲದಾಗಿ ಸಂತತಿಯೇ ಅಳಿಯುವ ಸ್ಥಿತಿಗೆ ಬಂತು. 1930ರ ದಶಕದಲ್ಲಿ ವಾಸ್ಕೊ ಬೆನ್ಸೌಡೆ ಎಂಬ ಶ್ರೀಮಂತ ಹಡಗು ಉದ್ಯಮಿ ಮೀನುಗಾರರ ಬಳಿ ಅಳಿದುಳಿದ ನಾಯಿಗಳನ್ನು ಹುಡುಕಿ ತಂದು ತಳಿಯನ್ನು ಉಳಿಸಿಕೊಂಡರು. 2009ರಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಒಬಾಮಾ ಅವರ ಕುಟುಂಬಕ್ಕೆ ಬೋ ಎಂಬ ಈ ತಳಿಯ ನಾಯಿ ಬಂದ ಮೇಲೆ ಜಗತ್ತಿಗೆಲ್ಲ ಇದರ ಹೆಸರು ಗೊತ್ತಾಯಿತು.

ಹಗಲಿಡೀ ಮನುಷ್ಯರ ಪಕ್ಕದಲ್ಲಿದ್ದು ಹೇಳಿದ ಕೆಲಸ ಮಾಡಿದ ನಾಯಿಯ ಸಂತತಿ ಒಂಟಿತನವನ್ನು ಸಹಿಸುವುದಿಲ್ಲ. ನಾನು ಕೋಣೆ ಬದಲಾಯಿಸಿದರೆ ನಮ್ಮದೂ ಎದ್ದು ಹಿಂದೆಯೇ ಬರುತ್ತದೆ. ಇದಕ್ಕೆ ಬಾಯಿಯೇ ಕೈ: ಚಪ್ಪಲಿ, ಟವೆಲ್, ಅತಿಥಿಗಳ ಮಣಿಕಟ್ಟು, ಏನು ಸಿಕ್ಕರೂ ಮೆತ್ತಗೆ ಹಿಡಿದುಕೊಂಡು ನಡೆಯುತ್ತದೆ. ಕಚ್ಚುವ ಉದ್ದೇಶವಿಲ್ಲ, ಆದರೆ ಮರಿಯಿದ್ದಾಗಲೇ ತಿದ್ದದಿದ್ದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಷ್ಟ. ಹಿಂಗಾಲ ಮೇಲೆ ನಿಂತು ಅಡುಗೆಕಟ್ಟೆಯನ್ನು ಪರಿಶೀಲಿಸುವುದಂತೂ ನಿತ್ಯದ ಅಭ್ಯಾಸ. ದಿನಕ್ಕೆರಡು ಬಾರಿ ಚೆನ್ನಾಗಿ ಓಡಿಸಿ, ಅಡಗಿಸಿಟ್ಟ ವಸ್ತು ಹುಡುಕಿ ತರುವಂಥ ಆಟವನ್ನೂ ಆಡಿಸಿದರೆ ಮನೆಯೊಳಗೆ ಶಾಂತವಾಗಿರುತ್ತದೆ. ನೀವು ಕೆಲಸ ಕೊಡದಿದ್ದರೆ ಅದು ತನ್ನ ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತದೆ. ಆಗ ಸೋಫಾದ ಆಸೆ ಬಿಡಬೇಕು.

ಇನ್ನು ಕೂದಲಿನ ವಿಷಯ. ಒಳಪದರವಿಲ್ಲದ ಒಂಟಿ ಪದರದ ಕೂದಲು, ಕೆಲವಕ್ಕೆ ಗುಂಗುರು, ಕೆಲವಕ್ಕೆ ಅಲೆಅಲೆ. ಉದುರುವುದು ತೀರಾ ಕಡಿಮೆ, ಆದರೆ ಬೆಳೆಯುವುದು ನಿಲ್ಲುವುದಿಲ್ಲ. ಉದುರಬೇಕಾದ ಎಳೆಗಳು ಅಲ್ಲೇ ಸಿಕ್ಕಿಕೊಂಡು ಗಂಟಾಗುತ್ತವೆ. ಮೇಲಿನಿಂದ ಕೈಯಾಡಿಸಿದರೆ ಮೆತ್ತಗೇ ಇರುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿದರೆ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಆದ್ದರಿಂದ ಕೂದಲನ್ನು ಸಾಲುಸಾಲಾಗಿ ಬಿಡಿಸಿ, ಬೈತಲೆಯಲ್ಲಿ ಚರ್ಮ ಕಾಣುವವರೆಗೆ ಲೋಹದ ಬಾಚಣಿಗೆಯನ್ನು ಬುಡಕ್ಕೆ ಇಳಿಸಬೇಕು. ನಾನು ಒಂದು ದಿನ ಮುಂಭಾಗ, ಮರುದಿನ ಹಿಂಭಾಗ ಎಂದು ಹಂಚಿಕೊಂಡಿದ್ದೇನೆ. ಇದರ ಮೇಲೆ ಆಗಾಗ ಕತ್ತರಿಸುವ ಖರ್ಚು ಬೇರೆ. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ ಮೊದಲು ಈ ತಳಿಯ ನಾಯಿಯೊಂದರ ಜೊತೆ ಕೆಲವು ಗಂಟೆ ಕಳೆದು ನೋಡಲಿ. ಅಲರ್ಜಿಗೆ ಕಾರಣವಾಗುವ ಅಂಶ ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ, ಹಾಗಾಗಿ ಯಾವ ತಳಿಯೂ ಪೂರ್ತಿ ಸುರಕ್ಷಿತವಲ್ಲ.

ಬೆರಳುಗಳ ನಡುವೆ ಪೊರೆಯಿದೆ, ನೀರಿನಲ್ಲಿ ಇದನ್ನು ನೋಡುವುದೇ ಒಂದು ಸುಖ. ಆದರೂ ಮರಿಯನ್ನು ನೀರಿಗೆ ಎಸೆಯಬೇಡಿ. ಆಳವಿಲ್ಲದ ಕಡೆ ತಾನಾಗಿ ಇಳಿಯಲಿ. ಈಜಿದ ಮೇಲೆ ಜೋಲುಕಿವಿಯ ಒಳಭಾಗವನ್ನು ಒರೆಸಿ ಒಣಗಿಸದಿದ್ದರೆ ಸೋಂಕು ತಗಲುತ್ತದೆ.

ಕೆಲವೇ ನಾಯಿಗಳಿಂದ ಬೆಳೆದ ತಳಿಯಾದ್ದರಿಂದ ಆನುವಂಶಿಕ ರೋಗಗಳ ಬಗ್ಗೆ ನಿಷ್ಠುರವಾಗಿರಿ. ಜಿಎಂ1 ಎಂಬ ನರರೋಗ, ಮರಿಗಳ ಜೀವ ತೆಗೆಯುವ ಹೃದಯಸ್ನಾಯುವಿನ ರೋಗ, ಕ್ರಮೇಣ ದೃಷ್ಟಿ ಕಳೆಯುವ ಪಿಆರ್‌ಎ, ಈ ಮೂರಕ್ಕೂ ಡಿಎನ್‌ಎ ಪರೀಕ್ಷೆ ಇದೆ. ತಂದೆ ತಾಯಿ ಎರಡೂ ಒಂದೇ ರೋಗದ ದೋಷಯುಕ್ತ ಜೀನಿನ ವಾಹಕಗಳಾಗಿದ್ದರೆ, ಅವು ಆರೋಗ್ಯವಾಗಿಯೇ ಕಂಡರೂ, ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡೂ ನಾಯಿಗಳ ಪರೀಕ್ಷಾ ವರದಿಯನ್ನೂ ಸೊಂಟದ ಕೀಲಿನ ಎಕ್ಸ್‌ರೇಯನ್ನೂ ಕೇಳಿ, ಸಾಧ್ಯವಾದರೆ ತಾಯಿಯನ್ನು ಕಣ್ಣಾರೆ ನೋಡಿ. ವರದಿ ತೋರಿಸಲು ಹಿಂಜರಿಯುವವರ ಬಳಿ ಮರಿ ಎಷ್ಟೇ ಮುದ್ದಾಗಿದ್ದರೂ ಮುಂಗಡ ಕೊಡಬೇಡಿ.