ಸೆಕೆಯ ಊರಿನಲ್ಲಿ ಹೀಟರ್ ಯಾಕೆ ಸರ್?

ಪ್ರಶ್ನೆ: ಐಟಿಐಯಲ್ಲಿ ಎಸಿ ಟ್ರೇಡ್ ಮುಗಿಸಿ ನಾಲ್ಕು ವರ್ಷದಿಂದ ಉಡುಪಿಯಲ್ಲಿ ಮನೆಗಳ ಸ್ಪ್ಲಿಟ್ ಎಸಿ ಸರ್ವಿಸ್ ಮಾಡುತ್ತಿದ್ದೇನೆ. ಮಂಗಳೂರಿನಲ್ಲಿ ಆಸ್ಪತ್ರೆ, ಮಾಲ್‌ಗಳ ಚಿಲ್ಲರ್ (ಇಡೀ ಕಟ್ಟಡಕ್ಕೆ ತಂಪು ಕೊಡುವ ದೊಡ್ಡ ಯಂತ್ರ) ನೋಡಿಕೊಳ್ಳುವ ಕಾಂಟ್ರಾಕ್ಟರ್ ಒಬ್ಬರು ಕರೆದಿದ್ದಾರೆ. ಕೆಲಸದ ಹೆಸರು ‘ಹೀಟಿಂಗ್ ಮತ್ತು ಎಸಿ ಟೆಕ್ನೀಷಿಯನ್’ ಅಂತೆ. ನಮ್ಮ ಊರಿನಲ್ಲಿ ಹೀಟಿಂಗ್ ಯಾಕೆ? ಶುರುವಿಗೆ ಸಂಬಳವೂ ಈಗಿನ ದುಡಿಮೆಗಿಂತ ಕಡಿಮೆ. ಅಪ್ಪ ಸೀದಾ ಗಲ್ಫ್‌ಗೆ ಹೋಗು ಅನ್ನುತ್ತಾರೆ. ಏನು ಮಾಡಲಿ?
– ಕಾಪುವಿನ ಓದುಗರು

ಉತ್ತರ: ಹೋಗಿ. ಮಂಗಳೂರಿಗೆ, ಗಲ್ಫ್‌ಗೆ ಆಮೇಲೆ.

ಮೊದಲು ಹೀಟರ್ ವಿಷಯ. ನಾನೂ ಹೀಗೆಯೇ ನಕ್ಕಿದ್ದೆ. ಜುಲೈಯಲ್ಲಿ ನಮ್ಮ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ, ಅಲ್ವಾ? ಆಪರೇಷನ್ ಥಿಯೇಟರ್‌ಗೆ ಆ ತೇವ ಆಗುವುದಿಲ್ಲ. ತೇವ ತೆಗೆಯಬೇಕಾದರೆ ಗಾಳಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ತಣ್ಣಗೆ ಮಾಡಬೇಕು, ಆಗ ನೀರು ಕಾಯಿಲ್ (ಗಾಳಿಯನ್ನು ತಣ್ಣಗೆ ಮಾಡುವ ಪೈಪುಗಳ ಸುರುಳಿ) ಮೇಲೆ ಇಳಿದು ಡ್ರೈನ್‌ಗೆ ಹೋಗುತ್ತದೆ, ಆದರೆ ಆ ಗಾಳಿಯನ್ನು ಹಾಗೇ ಒಳಗೆ ಬಿಟ್ಟರೆ ಡಾಕ್ಟರ ಕೈ ನಡುಗೀತು. ಅದಕ್ಕೆ ಕಾಯಿಲ್ ದಾಟಿದ ಮೇಲೆ ಹೀಟರ್ ಇಟ್ಟು ಸ್ವಲ್ಪ ಬೆಚ್ಚಗೆ ಮಾಡಿ ಬಿಡುತ್ತಾರೆ. ನಮ್ಮ ಕರಾವಳಿಯ ಹೀಟಿಂಗ್ ಅಂದರೆ ಹೆಚ್ಚಾಗಿ ಇಷ್ಟೇ.

ಈ ಕೆಲಸದಲ್ಲಿ ನೀವು ಜಾಸ್ತಿ ಗುದ್ದಾಡುವುದು ಸೆಕೆಯ ಜೊತೆ ಅಲ್ಲ, ನೀರು ಮತ್ತು ಉಪ್ಪಿನ ಜೊತೆ. ನಾನು ಹೊಸಬನಾಗಿದ್ದಾಗ ಒಂದು ಆಫೀಸಿನಲ್ಲಿ ಸೀಲಿಂಗ್‌ನಿಂದ ನೀರು ಸುರಿಯುತ್ತಿತ್ತು. ಚಿಲ್ಲರ್‌ನ ತಣ್ಣೀರು ಹರಿಯುವ ಪೈಪ್ ಒಡೆದಿದೆ ಅಂದುಕೊಂಡು ಅರ್ಧ ದಿನ ಇನ್ಸುಲೇಷನ್ ಬಿಚ್ಚಿದೆ, ಮ್ಯಾನೇಜರ್ ಕೈಯಲ್ಲಿ ಬೈಸಿಕೊಂಡೆ. ಕೊನೆಗೆ ನೋಡಿದರೆ ಎಎಚ್‌ಯುವಿನ (ಕಾಯಿಲ್, ಫ್ಯಾನ್ ಇರುವ ಗಾಳಿಯ ಪೆಟ್ಟಿಗೆ) ಡ್ರೈನ್ ಟ್ರ್ಯಾಪ್, ಅಂದರೆ ನೀರು ಹೋಗುವ ಪೈಪಿನ ಬಾಗು, ಒಣಗಿತ್ತು. ಟ್ರ್ಯಾಪಿನಲ್ಲಿ ನೀರು ನಿಂತಿರದಿದ್ದರೆ ಫ್ಯಾನ್ ಅದೇ ಪೈಪಿನಿಂದ ಗಾಳಿ ಎಳೆಯುತ್ತದೆ, ಟ್ರೇಯ ನೀರು ಕೆಳಗಿಳಿಯದೆ ತುಂಬಿ ಚೆಲ್ಲುತ್ತದೆ. ಒಂದು ಬಾಟಲಿ ನೀರು ಹೊಯ್ದೆ, ಸರಿಯಾಯಿತು.

ಪಣಂಬೂರು, ಮಲ್ಪೆ ಕಡೆಯ ಔಟ್‌ಡೋರ್ ಯೂನಿಟ್ ನೀವೂ ನೋಡಿರುತ್ತೀರಿ. ತಾಮ್ರದ ಪೈಪಿಗೆ ಅಲ್ಯೂಮಿನಿಯಂ ಫಿನ್ (ತೆಳು ತಗಡು), ಮಧ್ಯೆ ಉಪ್ಪಿನ ತೇವ ಸೇರಿದರೆ ಫಿನ್ ಬಿಳಿ ಪುಡಿಯಾಗಿ ಉದುರುತ್ತದೆ. ಇದಕ್ಕೆ ಆಗಾಗ ಬರೀ ನೀರಿನಲ್ಲಿ ತೊಳೆಯುವುದೇ ಮದ್ದು. ಆಸಿಡ್ ಬೇಡ ಮಾರಾಯ್ರೆ.

ಚಿಲ್ಲರ್ ಗಾಳಿಯನ್ನಲ್ಲ, ನೀರನ್ನು ತಂಪು ಮಾಡುತ್ತದೆ. ಸಾಮಾನ್ಯವಾಗಿ 7 ಡಿಗ್ರಿಯಲ್ಲಿ ಹೊರಟ ನೀರು 12ರಲ್ಲಿ ವಾಪಸ್ ಬರುತ್ತದೆ. ಮೊದಲ ಆರು ತಿಂಗಳು ನಿಮ್ಮ ಕೈಗೆ ಚಿಲ್ಲರ್ ಕೊಡುವುದಿಲ್ಲ. ನೀರಿನ ಕಸ ಹಿಡಿಯುವ ಸ್ಟ್ರೈನರ್ ತೊಳೆ, ಫ್ಯಾನ್ ಬೆಲ್ಟ್ ಬಿಗಿ ಮಾಡು, ಲಾಗ್‌ಬುಕ್ ಬರೆ, ಇಷ್ಟೇ. ಬೇಜಾರು ಮಾಡಬೇಡಿ. ಆ ಅಂಕಿಗಳನ್ನು ದಿನಾ ಬರೆದವನಿಗೆ ಮಾತ್ರ ಇವತ್ತು ಯಾವುದು ತಪ್ಪಿದೆ ಎಂದು ಗೊತ್ತಾಗುತ್ತದೆ.

ಸೇರುವ ಮೊದಲು ಕೇಳಬೇಕಾದ್ದು ಸಂಬಳ ಮಾತ್ರ ಅಲ್ಲ. ರಾತ್ರಿ ಕಾಲ್ ಬಂದರೆ ಇಬ್ಬರನ್ನು ಕಳಿಸುತ್ತಾರಾ? ಇಎಸ್‌ಐ, ಪಿಎಫ್ ಉಂಟಾ? ಟೆರೇಸಿನ ಅಂಚಿನಲ್ಲಿ ಕೆಲಸಕ್ಕೆ ಸೇಫ್ಟಿ ಬೆಲ್ಟ್ ಕೊಡುತ್ತಾರಾ? ಲೀಕ್ ಟೆಸ್ಟ್‌ಗೆ ನೈಟ್ರೋಜನ್ ಸಿಲಿಂಡರ್ ಇದೆಯಾ? ‘ಆಕ್ಸಿಜನ್ ಹಾಕಿ ನೋಡು’ ಎಂದು ಯಾರಾದರೂ ಹೇಳಿದರೆ ಆ ಜಾಗದಿಂದಲೇ ಹೊರಟು ಬನ್ನಿ. ಆಕ್ಸಿಜನ್ ಕಂಪ್ರೆಸರ್ ಎಣ್ಣೆಗೆ ಸೇರಿದರೆ ಸ್ಫೋಟ ಆಗುತ್ತದೆ, ತಮಾಷೆ ಅಲ್ಲ.

ಅಪ್ಪನಿಗೆ ಹೇಳಿ, ಎರಡು ಮೂರು ವರ್ಷ ಚಿಲ್ಲರ್ ಕಲಿತು ಹೋದರೆ ಗಲ್ಫ್‌ನಲ್ಲಿ ಹೆಲ್ಪರ್ ಆಗಿ ಶುರು ಮಾಡಬೇಕಾಗಿಲ್ಲ ಎಂದು.

ಪ್ರಶ್ನೆ: ಹಂಪನಕಟ್ಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಎಸಿಯವರು ಪ್ರತಿ ವರ್ಷ ‘ಗ್ಯಾಸ್ ಖಾಲಿ’ ಎಂದು ಬಿಲ್ ಮಾಡುತ್ತಾರೆ. ಮಳೆಗಾಲದಲ್ಲಂತೂ ಎಸಿ ಇದ್ದರೂ ಒಳಗೆ ತೇವ ತೇವ.

ಉತ್ತರ: ಗ್ಯಾಸ್ ಪೆಟ್ರೋಲ್ ಅಲ್ಲ, ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಉಂಟು, ಅದನ್ನು ಮುಚ್ಚದೆ ತುಂಬಿದರೆ ಮುಂದಿನ ವರ್ಷ ಮತ್ತೆ ಬಿಲ್. ತೇವದ ಕಾರಣ ಬೇರೆ. ಮಳೆಯಲ್ಲಿ ಅಂಗಡಿ ಬೇಗ ತಂಪಾಗಿ ಕಂಪ್ರೆಸರ್ ನಿಲ್ಲುತ್ತದೆ, ಫ್ಯಾನ್ ಮಾತ್ರ ತಿರುಗುತ್ತಾ ಕಾಯಿಲ್ ಮೇಲಿನ ನೀರನ್ನು ಮತ್ತೆ ಒಳಗೇ ಬೀಸುತ್ತದೆ. ರಿಮೋಟಿನಲ್ಲಿ ಡ್ರೈ ಮೋಡ್ ಹಾಕಿ ನೋಡಿ. ಮುಂದಿನ ಸಲ ಅವರು ಗೇಜ್ ಹಿಡಿದು ಬಂದಾಗ ಸೋಪು ನೀರಿನ ಬಾಟಲಿ ತಂದಿದ್ದೀರಾ ಎಂದು ಸುಮ್ನೆ ಒಂದು ಮಾತು ಕೇಳಿ. ಲೀಕ್ ಇದ್ದಲ್ಲಿ ಅದು ಗುಳ್ಳೆ ಏಳಿಸಿ ತೋರಿಸುತ್ತದೆ.