ಬಟ್ಟೆ ಚೂರಿನಿಂದ ಕ್ರಿಸ್‌ಮಸ್ ನಕ್ಷತ್ರ ಹೊಲಿದರೆ ಮೂಲೆಗಳು ಯಾಕೆ ಚೂಪಾಗಿ ಬರುವುದಿಲ್ಲ?

ಹೊಲಿಗೆಯಾಚೆ ಬಿಟ್ಟ ಅಂಚಿನ ಬಟ್ಟೆಯೇ ಇದಕ್ಕೆ ಕಾರಣ, ನಿಮ್ಮ ಹೊಲಿಗೆ ಅಲ್ಲ. ಉಲ್ಟಾ ಹೊಲಿದು ಮಗುಚಿದಾಗ ಆ ಅಂಚೆಲ್ಲ ಒಳಗೆ ಹೋಗುತ್ತದೆ. ತುದಿಯಲ್ಲಿ ಅದಕ್ಕೆ ಜಾಗ ಸಾಲದೆ ಮುದ್ದೆಯಾಗುತ್ತದೆ, ಮೂಲೆ ಮೊಂಡಾಗಿ ಕಾಣುತ್ತದೆ. ಎರಡು ತುದಿಗಳ ನಡುವಿನ ಒಳಮೂಲೆಯಲ್ಲಿ ಆಗುವುದು ಇದರ ಉಲ್ಟಾ. ಅಲ್ಲಿ ಅಂಚು ಅಗಲವಾಗಿ ಬಿಚ್ಚಿಕೊಳ್ಳಬೇಕು, ಬಟ್ಟೆ ಸಾಲುವುದಿಲ್ಲ. ಹಾಗಾಗಿ ಎಳೆದುಕೊಂಡು ಸುಕ್ಕಾಗುತ್ತದೆ.

ಮಗುಚುವ ಮೊದಲೇ ಕತ್ತರಿ ಹಿಡಿಯಿರಿ. ತುದಿಯಲ್ಲಿ ಹೊಲಿಗೆಯಿಂದ 2-3 ಮಿಲಿಮೀಟರ್ ಬಿಟ್ಟು ಉಳಿದದ್ದನ್ನು ಅಡ್ಡಕ್ಕೆ ಕತ್ತರಿಸಿ. ಒಳಮೂಲೆಗೆ ಹೊಲಿಗೆಯ ಹತ್ತಿರದವರೆಗೂ ಒಂದು ಕಚ್ಚು ಕೊಡಿ, ದಾರಕ್ಕೆ ಮಾತ್ರ ತಾಗಬಾರದು. ಈ ಕಚ್ಚು ಕೊಡಲು ತುಂಬಾ ಜನ ಹೆದರುತ್ತಾರೆ. ಆದರೆ ನಕ್ಷತ್ರದ ಅಂದವೆಲ್ಲ ಇರುವುದೇ ಅಲ್ಲಿ. ಮೂಲೆಗಳ ಹತ್ತಿರ ಹೊಲಿಗೆ ಸಣ್ಣದಾಗಿರಲಿ, ಆಗ ಕಚ್ಚು ಹರಿದುಕೊಂಡು ಹೋಗುವುದಿಲ್ಲ.

ಹತ್ತಿಯನ್ನು ಸುಮ್ನೆ ಉಂಡೆ ಮಾಡಿ ತುರುಕಬೇಡಿ. ಕಡಲೆಕಾಳಿನಷ್ಟು ಹಿಂಜಿ, ಪೆನ್ಸಿಲ್ಲಿನ ಮೊಂಡ ಕಡೆಯಿಂದ ಮೊದಲು ತುದಿಗಳಿಗೆ ತಳ್ಳಿ. ಹೊಟ್ಟೆ ಭಾಗ ಕೊನೆಗೆ.

ಮೈಸೂರಿನಲ್ಲಿ ಬ್ಲೌಸ್ ಹೊಲಿಯುವವರ ಹತ್ತಿರ ರೇಷ್ಮೆ ಚೂರು ಕೇಳಿ ತರುವವರಿಗೆ ಇನ್ನೊಂದು ಮಾತು. ರೇಷ್ಮೆ ನೂಲು ನುಣುಪು, ಕತ್ತರಿಸಿದ ಕಡೆ ಬೇಗ ಎಳೆ ಬಿಡುತ್ತದೆ. ಬ್ಲೌಸ್ ಕುತ್ತಿಗೆಗೆ ಇಸ್ತ್ರಿ ಮಾಡಿ ಅಂಟಿಸುತ್ತಾರಲ್ವಾ, ಆ ಕ್ಯಾನ್ವಾಸ್‌ನಲ್ಲೇ ತೆಳುವಾದದ್ದನ್ನು ಚೂರಿನ ಹಿಂದೆ ಅಂಟಿಸಿ, ಆಮೇಲೆ ನಕ್ಷತ್ರ ಕತ್ತರಿಸಿ. ಇಸ್ತ್ರಿ ಜಾಸ್ತಿ ಬಿಸಿ ಇರಬಾರದು, ಜರಿ ಇದ್ದರಂತೂ ಮೇಲೊಂದು ತೆಳು ಕಾಟನ್ ಬಟ್ಟೆ ಹಾಸಿಯೇ ಒತ್ತಿ.